ಎರವಲು ಮೂಗು

೪ ಅಕ್ಟೋಬರ್ ೧೯೯೯, ಸೋಮವಾರ

ಕೊಬ್ಬರಿ ಮಂಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಒಂಬತ್ತು ತಿಂಗಳಿಂದ ಟ್ರಂಕಿನಲ್ಲಿ ಖಾಲಿ ಬಿದ್ದಿತ್ತು. ಇವತ್ತು ಹೊರಗೆ ತೆಗೆದೆ. ಇವತ್ತು ನಡೆದದ್ದನ್ನು ಯಾರಿಗೂ ಹೇಳುವಂತಿಲ್ಲ, ಹೇಳದೆ ಸುಮ್ಮನಿರಲೂ ಆಗುತ್ತಿಲ್ಲ. ಕನ್ನಡದಲ್ಲೇ ಬರೆಯುತ್ತೇನೆ. ನನ್ನ ಹೆಂಡತಿ ರಹಿಮಾ ಓದುವುದು ಉರ್ದು ಮಾತ್ರ. ಮಗಳು ಶಾಹೀನ್ ಕನ್ನಡ ಶಾಲೆಗೆ ಹೋಗುತ್ತಾಳೆ ನಿಜ, ಆದರೆ ಅಪ್ಪನ ಕೋಳಿಗೀರು ಅಕ್ಷರ ಓದುವಷ್ಟು ತಾಳ್ಮೆ ಅವಳಿಗಿಲ್ಲ.

ಬೆಳಿಗ್ಗೆ ಕುಣಿಗಲ್ ರಸ್ತೆಯ ಬಿಯರ್ ಫ್ಯಾಕ್ಟರಿಗೆ ಟೆಂಪೋದಲ್ಲಿ ಖಾಲಿ ಬಾಟಲಿ ಒಯ್ದಿದ್ದೆ. ಇಪ್ಪತ್ತೆರಡು ವರ್ಷದಿಂದ ಒಯ್ಯುತ್ತಿದ್ದೇನೆ. ತುಮಕೂರು, ಗುಬ್ಬಿ, ಕುಣಿಗಲ್ಲಿನ ಬಾರುಗಳಿಂದ, ಮನೆಗಳಿಂದ ಬಂದ ಬಾಟಲಿಯೆಲ್ಲ ನನ್ನ ಗೋದಾಮಿಗೆ ಸೇರುತ್ತದೆ. ಕ್ರೇಟಿಗೆ ಹಾಕುವ ಮೊದಲು ಪ್ರತಿ ಬಾಟಲಿಯ ಕುತ್ತಿಗೆಯನ್ನೂ ಮೂಸುತ್ತೇನೆ. ಜನ ಬಿಯರ್ ಬಾಟಲಿಯಲ್ಲಿ ಏನು ತುಂಬುವುದಿಲ್ಲ? ಸೀಮೆಎಣ್ಣೆ, ಫಿನಾಯಿಲು, ಹೊಂಗೆಎಣ್ಣೆ. ಅಂಥದ್ದನ್ನು ಪಕ್ಕಕ್ಕಿಡಬೇಕು. ಈ ಮೂಗು ಅಬ್ಬಾನಿಂದ ಬಂದ ಆಸ್ತಿ. ಅವರು ಅತ್ತರ್ ಮಾರುತ್ತಿದ್ದರು.

ಇವತ್ತು ಗೇಟಿನ ಬಳಿ ಬೇರೆ ಯಾರದೋ ಲೋಡಿನ ಒಂದು ಬಾಟಲಿ ಎತ್ತಿ ಪಕ್ಕಕ್ಕಿಟ್ಟೆ. ಅಲ್ಲೇ ನಿಂತಿದ್ದ ರುದ್ರಯ್ಯ ಯಾಕೆಂದು ಕೇಳಿದರು. ಇವರು ಅಲ್ಲಿ ಬಿಯರ್ ಕಾಯಿಸುವ ಮೇಷ್ಟ್ರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮೂಗಿನ ತುದಿಗೆ ಜಾರಿದ ಕನ್ನಡಕ. ಸೀಮೆಎಣ್ಣೆ ಎಂದೆ. ಅವರು ಮೂಗಿಗೆ ಹಿಡಿದು ನೋಡಿ ಏನೂ ಇಲ್ಲವಲ್ಲ ಎಂದರು. ನನಗೆ ಪಿತ್ತ ನೆತ್ತಿಗೇರಿತು. ರಸ್ತೆಯ ಆಚೆ ನಿಂತವನಿಗೂ ಹೊಡೆಯುವ ವಾಸನೆ ಅದು.

ಅವರು ಜಗಳಕ್ಕೆ ಬರಲಿಲ್ಲ. ಒಳಗಿನಿಂದ ಐದು ಖಾಲಿ ಬಾಟಲಿ ತಂದು ಸಾಲಾಗಿಟ್ಟು ಒಂದೊಂದನ್ನೂ ಮೂಸಿ ಹೇಳಿ ಎಂದರು. ಹೇಳಿದೆ. ಮೊದಲನೆಯದು ಬಿಸಿಲಲ್ಲಿ ಕೂತದ್ದು, ಕೊಳೆತ ಹೂಕೋಸಿನ ವಾಸನೆ. ಎರಡನೆಯದು ಮಳೆಗೆ ನೆನೆದ ರಟ್ಟು. ಮೂರನೆಯದು ತಳ ಹಿಡಿದ ಬೆಲ್ಲದ ಪಾಕ. ನಾಲ್ಕನೆಯದು ಕಳಿತ ಬಾಳೆಹಣ್ಣು. ಐದನೆಯದರಲ್ಲಿ ಬರೀ ನೀರು. ಅವರು ಜೇಬಿನಿಂದ ಒಂದು ಚೀಟಿ ತೆಗೆದು ನೋಡಿದರು. ಐದಕ್ಕೆ ಐದೂ ಸರಿ.

"ಸಾಬ್ರೇ, ನೀವು ಕುಡಿತೀರಾ?" ಎಂದು ಕೇಳಿದರು.

"ತೌಬಾ. ಖಾಲಿ ಬಾಟಲಿ ನಂದು, ತುಂಬಿದ್ದು ನಿಮ್ದು. ಆ ದರಿದ್ರದ ನೀರು ಈವರೆಗೂ ನಾಲಿಗೆಗೆ ತಾಗಿಲ್ಲ" ಎಂದೆ.

ಶನಿವಾರ ಒಂದು ಗಳಿಗೆ ಬಂದು ಹೋಗಿ ಎಂದು ಕೈ ಹಿಡಿದುಕೊಂಡು ಕೇಳಿದರು. ಇಪ್ಪತ್ತೆರಡು ವರ್ಷದಲ್ಲಿ ಆ ಫ್ಯಾಕ್ಟರಿಯಲ್ಲಿ ಯಾರೂ ನನ್ನ ಕೈ ಹಿಡಿದಿರಲಿಲ್ಲ.

೯ ಅಕ್ಟೋಬರ್, ಶನಿವಾರ

ರುದ್ರಯ್ಯನಿಗೆ ಮೂಗಿಲ್ಲ.

ಮುಖದ ಮೇಲೆ ಇದೆ, ಕೆಲಸ ಮಾಡುವುದಿಲ್ಲ. ಜೂನ್‌ನಲ್ಲಿ ತಣ್ಣನೆ ಕೋಣೆಯ ಪೈಪು ಸೋರಿ ಅಮೋನಿಯಾ ಬಡಿಯಿತಂತೆ. ಅವತ್ತಿನಿಂದ ವಿಭೂತಿಯ ವಾಸನೆಯೂ ಇಲ್ಲ, ಮಠದ ದಾಸೋಹದ ಸಾರಿನ ವಾಸನೆಯೂ ಇಲ್ಲ. ನಾಲಿಗೆ ಮಾತ್ರ ಉಳಿದಿದೆ: ಸಿಹಿ, ಹುಳಿ, ಕಹಿ ಅಷ್ಟೇ. ಫ್ಯಾಕ್ಟರಿಯ ಯಜಮಾನರು ಲಕ್ಷ್ಮೀನರಸಿಂಹಯ್ಯ. ಅವರಿಗೆ ಇದು ಗೊತ್ತಿಲ್ಲ. ಸಂಕ್ರಾಂತಿಯೊಳಗೆ ಹೊಸ ಕೆಂಪು ಬಿಯರ್ ಮಾಡಿ ತೋರಿಸಿ, ಆಗದಿದ್ದರೆ ಮನೆಗೆ ಹೋಗಿ ವಿಶ್ರಾಂತಿ ತಗೊಳ್ಳಿ ಎಂದಿದ್ದಾರಂತೆ. ನಮ್ಮ ಕಡೆ ಎಲ್ಲರೂ ಮಾಡುವುದು ಹಳದಿ ಬಿಯರ್. ಕೆಂಪಿಗೆ ಇಂಗ್ಲಿಷಿನಲ್ಲಿ ಆಂಬರ್ ಅನ್ನುತ್ತಾರಂತೆ. ಜೇನಿಗಿಂತ ಗಾಢ, ಕಷಾಯಕ್ಕಿಂತ ತಿಳಿ. ರುದ್ರಯ್ಯನಿಗೆ ಇಪ್ಪತ್ತು ವರ್ಷದ ಕನಸು ಅದು.

"ಮಠದಲ್ಲಿ ನಾನು ಮಾಲ್ಟ್ ಫ್ಯಾಕ್ಟರಿಲಿ ಇದೀನಿ ಅಂತ ಹೇಳಿದೀನಿ. ಇಲ್ಲಿ ಮೂಗಿದೆ ಅಂತ ಹೇಳಿದೀನಿ. ಎರಡೂ ಕಡೆ ಸುಳ್ಳೇ ಸಾಬ್ರೇ" ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಗುರುವಾರಗಳಂದು ಮಧ್ಯಾಹ್ನದ ನಮಾಜು ಮುಗಿಸಿ ಬಂದು ಮೂಸಿಕೊಡುತ್ತೇನೆ ಎಂದು ಒಪ್ಪಿಕೊಂಡೆ. ಕುಡಿಯುವುದಿಲ್ಲ, ಮೂಗಿಗೆ ಕೂಲಿಯೂ ಬೇಡ. ಕೂಲಿ ತೆಗೆದುಕೊಂಡರೆ ತಪ್ಪು, ಸುಮ್ಮನೆ ಮೂಸಿದರೆ ತಪ್ಪಿಲ್ಲ ಎಂದು ನನಗೆ ನಾನೇ ಫತ್ವಾ ಕೊಟ್ಟುಕೊಂಡಿದ್ದೇನೆ. ಮೌಲ್ವಿ ಸಾಹೇಬರನ್ನು ಕೇಳುವ ಧೈರ್ಯ ಇಲ್ಲ.

೧೪ ಅಕ್ಟೋಬರ್, ಗುರುವಾರ

ಎಂಥ ಮಧ್ಯಾಹ್ನ! ಊಟದ ನೆನಪೂ ಆಗಲಿಲ್ಲ.

ಲ್ಯಾಬಿನ ಹಿಂದಿನ ಸಣ್ಣ ಕೋಣೆ. ರುದ್ರಯ್ಯ ಲಾರಿ ಡ್ರೈವರುಗಳ ಕೈಯಲ್ಲಿ ಮೂರು ಊರಿನ ಕೆಂಪು ಬಿಯರ್ ತರಿಸಿದ್ದರು. ಎಲ್ಲವೂ ಸಣ್ಣ ಫ್ಯಾಕ್ಟರಿಗಳದ್ದು. ಒಂದು ಗ್ಲಾಸು ಅವರಿಗೆ, ಒಂದು ಗ್ಲಾಸು ನನ್ನ ಮೂಗಿಗೆ. ನಾನು ಮೂಸಿ ಹೇಳುವುದು, ಅವರು ಕುಡಿದು ಹೇಳುವುದು, ಆಮೇಲೆ ಇಬ್ಬರೂ ಕಿತ್ತಾಡಿ ಅಂಕ ಹಾಕುವುದು.

ಗೋವಾ ಕಡೆಯದು: ಬಣ್ಣ ಸ್ಟ್ರಾಂಗ್ ಟೀ. ನನ್ನ ಮೂಗಿಗೆ ಮೊದಲು ಸುಟ್ಟ ಬ್ರೆಡ್ಡಿನ ಅಂಚು, ಹಿಂದೆಯೇ ಒದ್ದೆ ಗೋಣಿಚೀಲ. ಅವರ ನಾಲಿಗೆಗೆ ಮೊದಲು ಸಿಹಿ, ಕೊನೆಯಲ್ಲಿ ಹಾಗಲಕಾಯಿ. ಹತ್ತಕ್ಕೆ ಐದು.

ಪಾಂಡಿಚೇರಿ ಕಡೆಯದು: ಬಣ್ಣ ತಾಮ್ರದ ಬಿಂದಿಗೆ, ನೋಡಲು ಬಹಳ ಚಂದ. ವಾಸನೆ ಮಾತ್ರ ಮೂರು ದಿನ ಮುಚ್ಚಿಟ್ಟ ಟಿಫಿನ್ ಡಬ್ಬಿ. ರುದ್ರಯ್ಯ ಒಂದು ಗುಟುಕು ಕುಡಿದು ಚೆನ್ನಾಗಿದೆಯಲ್ಲ ಎಂದರು. ನಿಮ್ಮ ಪುಣ್ಯ ಸ್ವಾಮಿ, ಮೂಗಿಲ್ಲ ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಹತ್ತಕ್ಕೆ ಮೂರು.

ಆಂಧ್ರದ್ದು: ಹುರಿದ ಕಡಲೆ, ಸ್ವಲ್ಪ ಕಿತ್ತಳೆ ಸಿಪ್ಪೆ. ನಾಲಿಗೆಗೆ ತೆಳ್ಳಗೆ, ನೀರುನೀರು. ಆರು ಕೊಟ್ಟೆ. ಅವರು ಏಳು ಎಂದರು. ಇಬ್ಬರೂ ಆರೂವರೆಗೆ ಒಪ್ಪಿದೆವು.

ವಾಪಸು ಬಸ್ಸಿನಲ್ಲಿ ಪಕ್ಕದವನ ತಲೆಯ ಎಣ್ಣೆ, ಕಂಡಕ್ಟರನ ಬೀಡಿ, ಮುಂದಿನ ಸೀಟಿನ ಮಗುವಿನ ಪೌಡರು ಎಲ್ಲವನ್ನೂ ಬೇರೆ ಬೇರೆ ಮಾಡಿ ಹೆಸರಿಡುತ್ತ ಬಂದೆ. ನಲವತ್ತಾರು ವರ್ಷದಿಂದ ಈ ಮೂಗನ್ನು ನೆಗಡಿಗೆ ಮಾತ್ರ ಬಳಸಿದೆನೇ ಅನಿಸಿತು.

೨೧ ಅಕ್ಟೋಬರ್, ಗುರುವಾರ

ಇವತ್ತು ರುದ್ರಯ್ಯನವರದೇ ಬಿಯರ್, ಮೂರನೆಯ ಪ್ರಯತ್ನ. ಮೊದಲ ಎರಡನ್ನು ಮೋರಿಗೆ ಸುರಿದರಂತೆ. ಇದಕ್ಕೆ ಮೊಳಕೆ ಕಟ್ಟಿ ಹುರಿದ ರಾಗಿ ಹಾಕಿದ್ದಾರೆ. ಕಡಬದ ಕೆರೆ ಹಿಂದಿನ ಹೊಲದ ರಾಗಿ. ಯಾವ ಊರಿನವನೂ ಮಾಡದ ಕೆಲಸ.

ಗ್ಲಾಸು ಹತ್ತಿರ ತಂದೆ. ಹುರಿಹಿಟ್ಟು! ಬೆಲ್ಲ ಬೆರೆಸಿ ಕಲಸಿದ ಹುರಿಹಿಟ್ಟು. ಆದರೆ ಅದರ ಮೇಲೆ ಹೊಗೆ ಕೂತಿದೆ. ರಾಗಿ ಜಾಸ್ತಿ ಹುರಿದಿದ್ದೀರಿ, ಸಿಡಿಯುವ ಮೊದಲೇ ಇಳಿಸಿ ಎಂದೆ. ಇಪ್ಪತ್ತು ವರ್ಷ ಬಿಯರ್ ಕಾಯಿಸಿದವರು ಗುಜರಿ ಸಾಬಿಯ ಮಾತನ್ನು ಪೆನ್ಸಿಲಿನಲ್ಲಿ ಬರೆದುಕೊಂಡರು. ಮೂಗಿಗಿಂತ ಮೂಗುತಿ ಭಾರವಾಗುತ್ತಿದೆ ಏಜಾಜ್ ಅಹಮದ್, ಹುಷಾರು.

೨೩ ಅಕ್ಟೋಬರ್

ರಹಿಮಾ ನನ್ನ ಅಂಗಿ ಒಗೆಯುವಾಗ ಏನೋ ಕಹಿ ವಾಸನೆ ಎಂದಳು. ಬಿಯರಿಗೆ ಹಾಕುವ ಹಾಪ್ಸ್ ಎಂಬ ಹೂವಿನದು. ಬೇವು ಎನ್ನಬಹುದಿತ್ತು. ನಾಲಿಗೆ ಬರಲಿಲ್ಲ, ಇದ್ದದ್ದನ್ನು ಹೇಳಿಬಿಟ್ಟೆ. ಕುಡಿದಿಲ್ಲ ಎಂದು ಆಣೆ ಮಾಡಿದೆ. ಬಾವಿಯ ಕಟ್ಟೆ ಮೇಲೆ ದಿನಾ ಕೂತವನು ಒಂದು ದಿನ ಒಳಗೆ ಬೀಳುತ್ತಾನೆ ಎಂದಳು. ಮಾತು ಬಂದ್.

೨೭ ಅಕ್ಟೋಬರ್

ಮಾತು ಇನ್ನೂ ಬಂದ್. ಸಾರಿಗೆ ಉಪ್ಪೂ ಬಂದ್.

೧೧ ನವೆಂಬರ್, ಗುರುವಾರ

ಆರನೆಯ ಪ್ರಯತ್ನ. ಇದೇ. ಇದೇ ಅದು!

ಬಣ್ಣ ಹೇಳುತ್ತೇನೆ: ಸಂಜೆ ಬಿಸಿಲಿಗೆ ಹಿಡಿದ ಹುಣಸೆ ಪಾನಕ. ನೊರೆ ಒಂದು ಬೆರಳು ದಪ್ಪ, ದನದ ಕೊಟ್ಟಿಗೆಯಲ್ಲಿ ಆಗತಾನೆ ಕರೆದ ಹಾಲಿನ ನೊರೆಯಂತೆ ಬಿಗಿ. ವಾಸನೆಯಲ್ಲಿ ಮೊದಲು ಹುರಿಹಿಟ್ಟು, ಈಗ ಹೊಗೆ ಇಲ್ಲ. ಅದರ ಹಿಂದೆ ಒಣದ್ರಾಕ್ಷಿ. ಅದರ ಹಿಂದೆ, ಬಹಳ ಹೊತ್ತು ಕಾದರೆ, ಮೊದಲ ಮಳೆಗೆ ಮುಂಚೆ ಬೀಸುವ ಗಾಳಿ. ಕೊನೆಯದನ್ನು ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ. ರುದ್ರಯ್ಯನವರು ಅದನ್ನೂ ಬರೆದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. ಅವರು ಮಾಡಿದ್ದು ಅವರಿಗೇ ಗೊತ್ತಾಗುವುದಿಲ್ಲ ನೋಡಿ. ನಾನು ಹೇಳಿದರೆ ಮಾತ್ರ ಉಂಟು.

ಖುಷಿಯಲ್ಲಿ ಗ್ಲಾಸು ಜಾಸ್ತಿ ಬಗ್ಗಿಸಿದೆ. ಮೀಸೆಗೆ ನೊರೆ ಹತ್ತಿತು. ತಕ್ಷಣ ಒರೆಸಿಕೊಂಡೆ. ತಕ್ಷಣ ಎಂದರೆ, ಒಂದು ಗಳಿಗೆ ಬಿಟ್ಟು.

ಒಂಬತ್ತು ಅಂಕ. ಹತ್ತು ಕೊಡಬಹುದಿತ್ತು, ದೃಷ್ಟಿ ತಾಗಬಾರದೆಂದು ಒಂದು ಕಳೆದೆ.

೨ ಡಿಸೆಂಬರ್, ಗುರುವಾರ

ಇನ್ನು ಬಾಟಲಿ ತುಂಬುವುದು ಬಾಕಿ. ಇನ್ನೂರು ಡಜನ್ ಒಳ್ಳೆಯ ಬಾಟಲಿ ಬೇಕು, ಎಲ್ಲ ನಿಮ್ಮದೇ ಆಗಬೇಕು ಎಂದರು ರುದ್ರಯ್ಯನವರು. ಜನವರಿ ಹದಿಮೂರಕ್ಕೆ ಯಜಮಾನರು ಹಾಸನ, ತಿಪಟೂರಿನ ಏಜೆಂಟರನ್ನು ಕೂರಿಸಿಕೊಂಡು ರುಚಿ ನೋಡುತ್ತಾರಂತೆ. ಅಲ್ಲಿ ಪಾಸಾದರೆ ಸಂಕ್ರಾಂತಿಗೆ ಅಂಗಡಿಗೆ. ಫೇಲಾದರೆ ರುದ್ರಯ್ಯನವರು ಮನೆಗೆ.

ಇವತ್ತೇ ಗುಬ್ಬಿಗೆ ಹೋಗಿ ಅಲ್ಲಿಂದ ಚೇಳೂರು ಬಸ್ಸು ಹಿಡಿದೆ. ಅಲ್ಲಿ ಜುಂಜಪ್ಪ ಇದ್ದಾನೆ, ಸೈಕಲ್ಲಿನಲ್ಲಿ ಮನೆಮನೆಗೆ ಹೋಗಿ ಈರುಳ್ಳಿ ಕೊಟ್ಟು ಬಾಟಲಿ ತೆಗೆದುಕೊಳ್ಳುವವನು. ಹಿಂದಿನಂತೆ ಅಲ್ಲ ಸಾಬ್ರೇ, ಗಾಣದಿಂದ ಹೊಸ ಎಣ್ಣೆ ಬಂದ್ಬುಟ್ಟದೆ, ಹೆಂಗಸ್ರು ಹಳೆ ಬಾಟ್ಲಿ ಎಲ್ಲ ಆಚಿಗೆ ಹಾಕ್ತಾವ್ರೆ, ಎಷ್ಟು ಬೇಕು ಹೇಳಿ ಎಂದ. ಎಲ್ಲವನ್ನೂ ಕಳಿಸು ಎಂದೆ. ನಮ್ಮ ಬಿಯರಿಗೆ ಒಡೆದ ಬಾಯಿನ ಒಂದು ಬಾಟಲಿಯೂ ಬರಕೂಡದು ಎಂದೆ. ನಿಮ್ದು ಅಂತ ಯಾವಾಗ ಆಯ್ತು ಎಂದು ನಕ್ಕ.

೯ ಡಿಸೆಂಬರ್, ಗುರುವಾರ

ನಾಳೆಯಿಂದ ರಂಜಾನ್. ರೋಜಾ ಹಿಡಿದುಕೊಂಡು ಬಿಯರ್ ಗ್ಲಾಸಿಗೆ ಮೂಗು ಹಚ್ಚಲಾರೆ, ಹಬ್ಬದ ತನಕ ಬರುವುದಿಲ್ಲ ಎಂದೆ. ಹೇಳಲು ಎಷ್ಟು ಸಂಕಟವಾಯಿತೆಂದರೆ ನಾಲ್ಕು ಸಲ ಕೆಮ್ಮಿದೆ. ಅವರೇ ನಿಮ್ಮ ವ್ರತ ನಿಮಗೆ ದೊಡ್ಡದು, ಬೆರಕೆ ಮುಗಿದಿದೆ, ಇನ್ನು ನಾನು ನೋಡಿಕೊಳ್ಳುತ್ತೇನೆ ಎಂದರು. ಬೀಳ್ಕೊಡಲು ಗೇಟಿನ ತನಕ ಬಂದರು.

ಬಸ್ಸಿನಲ್ಲಿ ಇನ್ನೊಂದು ಯೋಚನೆ ಬಂತು. ಗ್ಲಾಸಿಗೆ ಮೂಗು ಹಚ್ಚಬಾರದು ಎಂದ ಮೇಲೆ ಖಾಲಿ ಬಾಟಲಿಗೆ ಹಚ್ಚಬಹುದೇ? ಇಷ್ಟು ವರ್ಷ ರಂಜಾನಿನಲ್ಲೂ ಮೂಸುತ್ತಿದ್ದೆ, ಆಗ ಅದು ಬರೀ ಬಾಟಲಿ. ಈಗ ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಖುಷಿಯಾಗುತ್ತದೆ. ಖುಷಿಯಾಗುವುದೇ ತಪ್ಪು. ಈ ತಿಂಗಳು ಬಾಟಲಿಯನ್ನು ಕಣ್ಣಿನಿಂದಲೇ ಆರಿಸುತ್ತೇನೆ.

೧೭ ಡಿಸೆಂಬರ್, ಶುಕ್ರವಾರ

ಹೊಟ್ಟೆ ಖಾಲಿ ಇದ್ದರೆ ಮೂಗು ಹುಲಿ. ಮೂರು ಬೀದಿ ಆಚೆಯ ಸಮೋಸದಲ್ಲಿ ಈರುಳ್ಳಿ ಕಡಿಮೆ ಎಂದು ಇಲ್ಲಿಂದಲೇ ಹೇಳಬಲ್ಲೆ.

ಜುಂಜಪ್ಪನ ಲೋಡು ಮೊನ್ನೆ ಬಂತು, ಇವತ್ತು ಫ್ಯಾಕ್ಟರಿಗೆ ಹೋಯಿತು. ಇನ್ನೂರು ಡಜನ್, ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದ್ದೇನೆ. ಬಿರುಕಿಲ್ಲ, ಒಡಕಿಲ್ಲ. ಒಂದಕ್ಕೂ ಮೂಗು ಹಚ್ಚಲಿಲ್ಲ. ರಹಿಮಾಗೂ ಹೇಳಿದೆ. ಸಂತೋಷಪಟ್ಟು ಇಫ್ತಾರಿಗೆ ಎರಡು ಖರ್ಜೂರ ಜಾಸ್ತಿ ಇಟ್ಟಳು.

೩೦ ಡಿಸೆಂಬರ್, ಗುರುವಾರ

ಸಂಜೆ ರೋಜಾ ಬಿಡುವ ಹೊತ್ತಿಗೆ ರುದ್ರಯ್ಯನವರು ಗೋದಾಮಿಗೇ ಬಂದರು, ಕೈಯಲ್ಲಿ ಖರ್ಜೂರದ ಪೊಟ್ಟಣ. ನಾನು ನೀರು ಕುಡಿದು ಮುಗಿಸುವ ತನಕ ಬೆಂಚಿನ ಮೇಲೆ ಕಾದು ಕೂತಿದ್ದರು. ಮೂರು ವಾರದಲ್ಲಿ ಹತ್ತು ವರ್ಷ ಕಳೆದವರಂತೆ ಕಾಣಿಸಿದರು.

ನೊರೆ ನಿಲ್ಲುತ್ತಿಲ್ಲವಂತೆ. ಟ್ಯಾಂಕಿನಲ್ಲಿ ಚೆನ್ನಾಗಿದೆ. ಬಾಟಲಿ ತೆರೆದು ಸುರಿದರೆ ಕೆಲವದರಲ್ಲಿ ನೊರೆ ಬರುತ್ತದೆ, ಕೆಲವದರಲ್ಲಿ ಎದ್ದಂತೆ ಮಾಡಿ ಸತ್ತುಹೋಗುತ್ತದೆ, ಗ್ಲಾಸಿನಲ್ಲಿ ಕಷಾಯ ಉಳಿಯುತ್ತದೆ. ಯಜಮಾನರು ನೋಡಿಬಿಟ್ಟಿದ್ದಾರೆ. ಬಿಯರಿಗೆ ರಾಗಿ ಹಾಕುವ ತಲೆಹರಟೆ ಯಾರು ಮಾಡು ಎಂದರು ಎಂದು ಬೈದಿದ್ದಾರೆ.

"ರಾಗಿದೇ ತಪ್ಪು ಅನ್ಸುತ್ತೆ ಭಾಯ್. ಒಂದ್ಸಲ ಬಂದು ಮೂಸಿ ನೋಡಿ. ನಂಗೇನೂ ಗೊತ್ತಾಗ್ತಿಲ್ಲ" ಎಂದರು.

ಇನ್ನು ಹತ್ತು ದಿನ, ಹಬ್ಬ ಆಗಲಿ ಎಂದೆ. ಅವರು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಅವರ ಬೆನ್ನು ಬಸ್ ಸ್ಟ್ಯಾಂಡಿನ ಕಡೆ ಹೋಗುವುದನ್ನು ನೋಡುತ್ತ ನಿಂತಿದ್ದೆ, ನಮಾಜಿಗೆ ತಡವಾಯಿತು.

೧೦ ಜನವರಿ ೨೦೦೦, ಸೋಮವಾರ

ಹೊಸ ಡೈರಿ ಕೊಳ್ಳಲಿಲ್ಲ. ಇದೇ ಡೈರಿಯ ಜನವರಿ ಹಾಳೆಗಳು ಹೋದ ವರ್ಷದ್ದು ಖಾಲಿ ಇವೆ. ಕಂಪ್ಯೂಟರೆಲ್ಲ ಕೆಟ್ಟು ಲೋಕ ಮುಳುಗುತ್ತದೆ ಎಂದು ಹೇಳುತ್ತಿದ್ದರು. ಲೋಕ ನೆಟ್ಟಗಿದೆ. ಮುಳುಗಿದ್ದು ನಾನು.

ನಿನ್ನೆ ಹಬ್ಬ ಮುಗಿಯಿತು. ಇವತ್ತು ಬೆಳಿಗ್ಗೆ ಚಳಿ ಎಂದರೆ ಚಳಿ. ಶಾಹೀನ್ ಶಾಲೆಗೆ ಹೊರಟಿದ್ದಳು. ಅವಳ ಜಡೆಗೆ ಎಣ್ಣೆ ಹಚ್ಚಲು ರಹಿಮಾ ಬಾಟಲಿಯನ್ನು ಒಲೆಯ ಪಕ್ಕ ತಿರುಗಿಸುತ್ತ ಕೂತಿದ್ದಳು. ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿತ್ತು. ಕಂದು ಬಾಟಲಿ. ಬಿಯರ್ ಬಾಟಲಿ. ನನ್ನ ಮನೆಯಲ್ಲೇ. ಗಾಣದ ಹೊಸ ಎಣ್ಣೆ, ಆಚೆಗೆ ಹಾಕಿದ ಹಳೆ ಬಾಟಲಿ ಎಂದು ಜುಂಜಪ್ಪ ಹೇಳಿದ್ದು ಆಗ ನೆನಪಾಯಿತು.

ಚಹಾ ಕೆಳಗಿಟ್ಟು ಗೋದಾಮಿಗೆ ಓಡಿದೆ. ಜುಂಜಪ್ಪ ಕಳಿಸಿದ್ದರಲ್ಲಿ ಮಿಕ್ಕ ಬಾಟಲಿಗಳು ಒಂದು ಮೂಲೆಯಲ್ಲಿದ್ದವು. ಮೂಸಿದೆ, ಏನೂ ಇಲ್ಲ. ಸ್ಟವ್ ಮೇಲೆ ನೀರು ಕುದಿಸಿ ಒಂದೊಂದಕ್ಕೂ ಸ್ವಲ್ಪ ಹಾಕಿ ಕುಲುಕಿದೆ. ಐದನೆಯದರಲ್ಲಿ ಕೊಬ್ಬರಿ ಎಣ್ಣೆ ಗಪ್ ಎಂದು ಮೂಗಿಗೆ ಬಡಿಯಿತು, ಹಳೆಯದು, ಕಮಟು. ಏಳರಲ್ಲೂ. ಎಂಟರಲ್ಲೂ. ನೀರಿನ ಮೇಲೆ ಎಣ್ಣೆಯ ಕಣ್ಣುಗಳು ತೇಲಿದವು. ಚಳಿಗೆ ತಳದಲ್ಲಿ ಗಟ್ಟಿಯಾಗಿ ಕೂತಿದೆ, ಕಂದು ಗಾಜಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಫ್ಯಾಕ್ಟರಿಯಲ್ಲಿ ಕರೆಂಟಿಲ್ಲದ ದಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯುತ್ತಾರೆ, ಅದಕ್ಕೆ ಇದು ಹೋಗುವುದೂ ಇಲ್ಲ. ಜಿಡ್ಡು ತಾಗಿದರೆ ನೊರೆ ಉಳಿಯುತ್ತದೆಯೇ? ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವರ ಗಾದೆ ಕೇಳಿದ್ದೆ. ನಾನು ಮೂಗು ಮುಚ್ಚಿಕೊಂಡೆ.

ಬಾಟಲಿಯ ಕುತ್ತಿಗೆಯನ್ನು ಮೂಗಿನ ಹತ್ತಿರ ತಂದು ಕೈಶಾಖ ಕೊಟ್ಟು ಮೂಸಿದ್ದರೆ ನನಗೆ ಗೊತ್ತಾಗುತ್ತಿತ್ತು. ಪ್ರತಿ ಚಳಿಗಾಲವೂ ಹಾಗೇ ಮಾಡುತ್ತಿದ್ದೆ. ಈ ವರ್ಷ ಮಾತ್ರ ಭಕ್ತಿ ಹೆಚ್ಚಾಯಿತು.

ರಾಗಿಯ ತಪ್ಪಲ್ಲ. ರುದ್ರಯ್ಯನವರ ತಪ್ಪಲ್ಲ. ಹೇಳಿದರೆ ಇಪ್ಪತ್ತೆರಡು ವರ್ಷದ ಗುತ್ತಿಗೆ ಹೋಗುತ್ತದೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ.

೧೨ ಜನವರಿ, ಬುಧವಾರ

ಹೋಗಲಿಲ್ಲ. ನಿನ್ನೆಯೂ ಹೋಗಲಿಲ್ಲ. ಪಕ್ಕದ ಅಂಗಡಿಗೆ ರುದ್ರಯ್ಯನವರ ಫೋನು ಬಂದಿತ್ತಂತೆ. ಜ್ವರ ಎಂದು ಹೇಳಿಸಿದೆ. ದಾರಿಯಲ್ಲಿ ಯಾರಾದರೂ ಎಣ್ಣೆ ಎಂದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೇನೆ.

ರಹಿಮಾಗೆ ಎಲ್ಲ ಹೇಳಿದೆ. ಬಾವಿಯ ಮಾತು ಎತ್ತುತ್ತಾಳೆ ಎಂದುಕೊಂಡಿದ್ದೆ, ಎತ್ತಲಿಲ್ಲ. "ರೋಜಾ ಇಟ್ಟಿದ್ದು ಅಲ್ಲಾಹನಿಗೆ. ಸುಳ್ಳು ಜ್ವರ ಯಾರಿಗೆ?" ಎಂದು ಕೇಳಿ ಒಳಗೆ ಹೋದಳು.

೧೩ ಜನವರಿ, ಗುರುವಾರ

ಎಲ್ಲಿಂದ ಶುರು ಮಾಡಲಿ?

ಮೊದಲ ಬಸ್ಸಿಗೇ ಹೋದೆ. ಆದರೂ ತಡವಾಗಿತ್ತು. ದೊಡ್ಡ ಮೇಜಿನ ಸುತ್ತ ಯಜಮಾನರು, ಇಬ್ಬರು ಏಜೆಂಟರು. ರುದ್ರಯ್ಯನವರು ಪಕ್ಕದಲ್ಲಿ ನಿಂತಿದ್ದರು, ಪರೀಕ್ಷೆಯಲ್ಲಿ ಫೇಲಾದ ಹುಡುಗನ ಹಾಗೆ. ಮೂರು ಗ್ಲಾಸು ಸುರಿದಿದ್ದರು. ಎರಡರಲ್ಲಿ ನೊರೆ ಇಲ್ಲ. ಹಾಸನದವರು ಇದು ಬಿಯರೋ ಕಷಾಯವೋ ಎಂದು ನಕ್ಕರು. ಯಜಮಾನರು ರುದ್ರಯ್ಯನವರಿಗೆ ನಿಮ್ಮ ಕೈ ಕೆಟ್ಟಿದೆ ಎಂದರು. ಇವರು ತಲೆ ತಗ್ಗಿಸಿ ರಾಗಿ ಹಾಕಿದ್ದು ನನ್ನದೇ ತಪ್ಪು ಎಂದು ಒಪ್ಪಿಕೊಳ್ಳುತ್ತಿದ್ದರು.

ಬಾಗಿಲಲ್ಲಿ ನಿಂತೇ ಹೇಳಿಬಿಟ್ಟೆ.

"ರಾಗಿದಲ್ಲ ಸ್ವಾಮಿ. ಬಾಟ್ಲಿದು. ಬಾಟ್ಲಿ ನಂದು."

ಎಲ್ಲರೂ ತಿರುಗಿದರು. ನೊರೆ ಸತ್ತ ಗ್ಲಾಸನ್ನು ಎರಡೂ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಯಜಮಾನರ ಮುಂದಿಟ್ಟೆ, ಈಗ ಮೂಸಿ ಎಂದೆ. ಅವರು ಮೂಸಿದರು, ಏಜೆಂಟರು ಮೂಸಿದರು. ಕೊಬ್ಬರಿ ಎಣ್ಣೆ ಕಣ್ರೀ ಎಂದರು ತಿಪಟೂರಿನವರು. ತಿಪಟೂರಿನವರಿಗೆ ಕೊಬ್ಬರಿ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು? ಆಮೇಲೆ ಎರಡು ಬಾಟಲಿ ತರಿಸಿ, ಬಟ್ಟೆ ಒಗೆಯುವ ಸೋಡಾ ಹಾಕಿದ ಕುದಿನೀರಿನಲ್ಲಿ ನಾನೇ ತೊಳೆದೆ. ಟ್ಯಾಂಕಿನಿಂದ ನೇರವಾಗಿ ತುಂಬಿಸಿ ಸುರಿದೆವು. ನೊರೆ ಎದ್ದಿತು, ಒಂದು ಬೆರಳು. ನಿಂತಿತು! ಏಜೆಂಟರು ಕುಡಿದರು, ಇನ್ನೊಂದು ಸಲ ಕುಡಿದರು, ಗ್ಲಾಸು ಖಾಲಿ ಮಾಡಿ ಇನ್ನೂ ಇದೆಯೇ ಎಂದು ಟ್ಯಾಂಕಿನ ಕಡೆ ನೋಡಿದರು. ಸಂಕ್ರಾಂತಿಗೆ ಎಷ್ಟು ಕ್ರೇಟು ಕೊಡುತ್ತೀರಿ ಎಂದು ಹಾಸನದವರೇ ಮೊದಲು ಕೇಳಿದ್ದು.

ನನ್ನ ಎದೆ ಹಿಗ್ಗಿಹೋಗಿತ್ತು. ಆಗಲೇ ಯಜಮಾನರು ಕೇಳಿದರು.

"ಇಷ್ಟು ವಾಸನೆ ಇದೆ. ನಂಗೆ ಗೊತ್ತಾಗ್ಲಿಲ್ಲ, ನಾನು ವ್ಯಾಪಾರಸ್ಥ. ರುದ್ರಯ್ಯನೋರೇ, ದಿನಾ ಮೂಸೋರು ನೀವು. ನಿಮಗ್ಯಾಕೆ ಗೊತ್ತಾಗ್ಲಿಲ್ಲ?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನನ್ನ ತಪ್ಪು ಒಪ್ಪಿಕೊಳ್ಳುವ ಭರದಲ್ಲಿ ಅವರ ಗುಟ್ಟನ್ನು ಮೇಜಿನ ಮೇಲೆ ಇಟ್ಟುಬಿಟ್ಟಿದ್ದೆ. ಚಳಿಗೆ ವಾಸನೆ ಬರುವುದಿಲ್ಲ ಎಂದು ಏನೋ ತೊದಲಿದೆ. ರುದ್ರಯ್ಯನವರು ನನ್ನ ತೋಳು ಹಿಡಿದು ನಿಲ್ಲಿಸಿದರು.

"ನಂಗೆ ಮೂಗಿಲ್ಲ ಯಜಮಾನ್ರೇ. ಜೂನ್‌ನಲ್ಲೇ ಹೋಯ್ತು. ಈ ಬಿಯರಿನ ಮೂಗು ಇವ್ರದು."

ಯಜಮಾನರು ಹೊಸ ಗ್ಲಾಸು ತುಂಬಿ ನನ್ನ ಕಡೆ ಸರಿಸಿದರು. ಬರೀ ಮೂಸಿ ಹೇಳುವವನ ಮಾತು ನಂಬುವುದು ಹೇಗೆ, ಒಂದು ಗುಟುಕು ಕುಡಿದು ನೀವೇ ಹೇಳಿ, ರುದ್ರಯ್ಯನವರನ್ನು ಇಟ್ಟುಕೊಳ್ಳುತ್ತೇನೆ ಎಂದರು. ಗದರಿಕೆ ಇರಲಿಲ್ಲ, ವ್ಯಾಪಾರದ ಮಾತಿನಂತೆಯೇ ಹೇಳಿದರು.

ಇಲ್ಲಿ ಸುಳ್ಳು ಬರೆಯುವುದಿಲ್ಲ. ಗ್ಲಾಸು ಎತ್ತಿದೆ. ಸ್ನೇಹಿತನಿಗೋಸ್ಕರ ಎಂದು ಒಂದು ಮನಸ್ಸು ಹೇಳಿತು. ಇನ್ನೊಂದು ಮನಸ್ಸಿಗೆ ನೆಪವೇ ಬೇಕಿರಲಿಲ್ಲ, ಅದಕ್ಕೆ ಬರೀ ಆಸೆ. ಮೂರು ತಿಂಗಳಿಂದ ಹುರಿಹಿಟ್ಟು, ಒಣದ್ರಾಕ್ಷಿ, ಮಳೆಗಾಳಿ ಎಂದು ವರ್ಣಿಸಿದವನು ನಾನು. ತುಟಿಗೆ ನಾಲ್ಕು ಬೆರಳು ದೂರ ಇತ್ತು. ರುದ್ರಯ್ಯನವರು ತಮ್ಮ ಅಂಗೈಯನ್ನು ಗ್ಲಾಸಿನ ಬಾಯಿಗೆ ಮುಚ್ಚಿದರು.

"ಬೇಡ ಭಾಯ್. ನೀವು ಕುಡಿದು ಉಳಿಸಿದ್ರೆ, ಆ ಕೆಲ್ಸ ನಾನು ಮಾಡಕ್ಕಾಗಲ್ಲ" ಎಂದರು. ನೊರೆ ಅವರ ಅಂಗೈಗೆ ಮೆತ್ತಿಕೊಂಡಿತ್ತು. ಯಜಮಾನರ ಕಡೆ ತಿರುಗಿ ನಾಳೆಯಿಂದ ಬರುವುದಿಲ್ಲ ಎಂದರು.

ಯಜಮಾನರು ಗ್ಲಾಸನ್ನು ತಮ್ಮ ಕಡೆಗೆ ಎಳೆದುಕೊಂಡು ತಾವೇ ಕುಡಿದರು. ಪೂರ್ತಿ. ಮೀಸೆ ಒರೆಸಿಕೊಂಡು ತೀರ್ಪು ಕೊಟ್ಟರು. ಬಿಯರ್ ಸಂಕ್ರಾಂತಿಗೆ ಅಂಗಡಿಗೆ ಹೋಗುತ್ತದೆ. ರುದ್ರಯ್ಯ ಎಲ್ಲಿಗೂ ಹೋಗುವುದಿಲ್ಲ, ಕೈ ಕೆಟ್ಟಿಲ್ಲ. ಮೂಸಲು, ಕುಡಿಯಲು ಎರಡಕ್ಕೂ ಆಗುವ ಒಬ್ಬರನ್ನು ಬೆಂಗಳೂರಿನಿಂದ ಕರೆಸುತ್ತಾರೆ. ಕೆಂಪು ಬಿಯರಿಗೆ ಇನ್ನು ಮುಂದೆ ಹೊಸ ಬಾಟಲಿಯೇ. ಹಳದಿಗೂ ಬೇರೆಯವರ ಬಾಟಲಿ. ನನ್ನ ಲೋಡು ಇವತ್ತಿಗೆ ಸಾಕು. ಎಣ್ಣೆ ಬಾಟಲಿ ಕಳಿಸಿದ್ದಕ್ಕೆ ಇದು, ಬಂದು ಹೇಳಿದ್ದಕ್ಕೆ ಇದು ಎಂದು ನನಗೆ ಎದ್ದು ಕೈಮುಗಿದರು.

ಮನೆಗೆ ಬಂದು ರಹಿಮಾಗೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ನೊರೆ ಹೇಗೆ ಎದ್ದಿತು, ಎಷ್ಟು ಹೊತ್ತು ನಿಂತಿತು, ತಿಪಟೂರಿನವರು ತುಟಿ ಹೇಗೆ ಚಪ್ಪರಿಸಿದರು, ಎಲ್ಲ. ಎದ್ದು ನಿಂತು ಕೈಯಲ್ಲಿ ತೋರಿಸಿದೆ. ಗುತ್ತಿಗೆ ಹೋಯಿತು ಎನ್ನುವುದು ಕೊನೆಯಲ್ಲಿ ನೆನಪಾಗಿ ಹೇಳಿದೆ.

ಅವಳು ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟು ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ.

"ಅಷ್ಟೆಲ್ಲಾ ಹೇಳಿದ್ರಿ. ರುಚಿ ಹೇಗಿದೆಯಂತೆ?"

ಗಲಾಟೆಯಲ್ಲಿ ರುದ್ರಯ್ಯನವರನ್ನು ಅದನ್ನು ಕೇಳುವುದನ್ನೇ ಮರೆತುಬಿಟ್ಟಿದ್ದೇನೆ. ಅಂಗೈ ಮುಚ್ಚಿದವರು ಆಮೇಲೆ ಒಂದು ಗುಟುಕು ಕುಡಿದರೋ ಇಲ್ಲವೋ, ಅದೂ ಗೊತ್ತಿಲ್ಲ.

ನಾಳೆ ಜುಮ್ಮಾ ಮುಗಿಸಿ ಕುಣಿಗಲ್ ಬಸ್ಸು ಹತ್ತುತ್ತೇನೆ. ಟೆಂಪೋ ಇಲ್ಲ, ಲೋಡು ಇಲ್ಲ, ಕೈಯಲ್ಲಿ ಒಂದು ಬಾಟಲಿಯೂ ಇಲ್ಲ. ಏನು ಕೆಲಸ ಎಂದು ವಾಚ್‌ಮನ್ ಗೇಟಿನಲ್ಲೇ ತಡೆಯುತ್ತಾನೆ. ಕೆಲಸ ಏನೂ ಇಲ್ಲಪ್ಪ, ರುದ್ರಣ್ಣನ್ನ ನೋಡ್ಬೇಕು ಎನ್ನುತ್ತೇನೆ.